ತಾಯಿಯ ಕಾರ್ಡಿನ ಗೆರೆ, ಮಗುವಿನ ತೂಕ: ನನ್ನ ಅನುಭವ

ಮಗುವಿನ ತೂಕ ಏರಲಿ, ಎಂಟನೇ ತಿಂಗಳಲ್ಲಿ ಪ್ರೋಟೀನ್ ಪೌಡರ್ ತೆಗೆದುಕೊಳ್ಳಿ ಅಂತ ಗರ್ಭಿಣಿಯರಿಗೆ ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಮನೆಯವರ ದುಡ್ಡೆಲ್ಲ ಡಬ್ಬಿಗೆ ಹೋಯಿತು. ಮಗು ಮಾತ್ರ ಮತ್ತೆ 2.2, 2.3 ಕಿಲೋ. 2.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ; ಎಷ್ಟೋ ಮಕ್ಕಳು ಅದನ್ನು ದಾಟುತ್ತಲೇ ಇರಲಿಲ್ಲ.

ಆಮೇಲೆ ಮೊದಲ ಭೇಟಿಯಲ್ಲೇ ತಾಯಿಯ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಹಿಡಿದೆ. 18.5ಕ್ಕಿಂತ ಕಡಿಮೆ ಇದ್ದವರಿಗೆ ಒಟ್ಟು 12.5ರಿಂದ 18 ಕಿಲೋ ಏರಬೇಕು, ಸರಿಯಾದ ತೂಕದವರಿಗೆ 11.5ರಿಂದ 16. ಪ್ರತಿ ಭೇಟಿಗೂ ಕಾರ್ಡಿನ ಹಿಂದೆ ತೂಕದ ಒಂದು ಚುಕ್ಕೆ, ಚುಕ್ಕೆಗಳನ್ನು ಸೇರಿಸಿ ಗೆರೆ. ಗೆರೆ ಮಲಗಿತು ಅಂದರೆ ಅವತ್ತೇ ಕೂತು ಕೇಳುವುದು: ಊಟ ಸೇರುತ್ತಿಲ್ಲವಾ, ಕೆಲಸ ಜಾಸ್ತಿಯಾ, ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ? "ಸುಮ್ನೆ ಗೆರೆ ಎಳೆದರೆ ಮಗು ತೂಕ ಬರುತ್ತಾ ಸಿಸ್ಟರ್?" ಅಂದರು ಜೊತೆಯವರು. ಮೊದಲು ನೂರರಲ್ಲಿ ಇಪ್ಪತ್ತೈದು ಕಡಿಮೆ ತೂಕದ ಮಕ್ಕಳು ಇರುತ್ತಿದ್ದರು. ಈಗ ಹದಿನೈದರ ಒಳಗೆ. ನೆನಪಿನ ಲೆಕ್ಕ, ಆದರೂ ಹೆಮ್ಮೆಯಿಂದ ಹೇಳುತ್ತೇನೆ.

ಒಬ್ಬರಿಗೆ 28 ವಾರ. ಎರಡು ಭೇಟಿಯಿಂದ ತೂಕ ಅಲ್ಲೇ ನಿಂತಿತ್ತು, ಹಿಮೋಗ್ಲೋಬಿನ್ 8ರ ಹತ್ತಿರ. ಮಾತ್ರೆ ತಪ್ಪಿಸಿಲ್ಲ ಅಂದರು. ಹೇಗೆ ನುಂಗುತ್ತೀರಿ, ತೋರಿಸಿ ಅಂದೆ. ಕಬ್ಬಿಣದ್ದು, ಕ್ಯಾಲ್ಸಿಯಂ, ಎರಡನ್ನೂ ಒಂದೇ ಅಂಗೈಗೆ ಹಾಕಿಕೊಂಡರು! ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಬೇರೆ ಬೇರೆ ಹೊತ್ತಿಗೆ ಮಾಡಿಸಿದೆ. ಹೆರಿಗೆ ಹೊತ್ತಿಗೆ 10 ದಾಟಿತ್ತು, ಮಗು 2.8. ಮೊದಲನೆಯದು 2.1 ಇತ್ತಂತೆ. ಎರಡನೇ ಮಗು ಸಾಮಾನ್ಯವಾಗಿ ಸ್ವಲ್ಪ ತೂಕ ಜಾಸ್ತಿಯೇ, ನಡುವೆ ಮೂರು ವರ್ಷದ ಅಂತರವೂ ಇತ್ತು. ಆ ಪಾಲನ್ನೂ ಒಪ್ಪಬೇಕು.

ಸೋತದ್ದು ಇನ್ನೂ ಚುಚ್ಚುತ್ತದೆ. ಇನ್ನೊಬ್ಬರ ಗೆರೆ ಚೆನ್ನಾಗಿ ಏರಿತು ಅಂತ ಖುಷಿಪಟ್ಟಿದ್ದೆ. ಏರಿದ್ದು ಬರೀ ಮೈಯಲ್ಲಿ ತುಂಬಿಕೊಂಡ ನೀರು, ಜೊತೆಗೆ ಬಿಪಿ. ಮಗು 1.9. ಈಗ ಗೆರೆ ಏಕಾಏಕಿ ಹಾರಿದರೆ ಮೊದಲು ಬಿಪಿ, ಮೂತ್ರದಲ್ಲಿ ಪ್ರೋಟೀನ್. ಟೇಪನ್ನಂತೂ ಬಿಡುವುದೇ ಇಲ್ಲ. 24 ವಾರ ಆದಮೇಲೆ ಗರ್ಭಕೋಶದ ಎತ್ತರ ಹೆಚ್ಚುಕಡಿಮೆ ವಾರದಷ್ಟೇ ಸೆಂಟಿಮೀಟರ್ ಬರಬೇಕು ಅಲ್ವಾ? ಶುಗರ್ ಇರುವವರ ಮಗು 4 ಕಿಲೋ ಬಂದರೆ ಅದಕ್ಕೂ ಹಿಗ್ಗುವ ಹಾಗಿಲ್ಲ.

ತಂಬಾಕಿನ ವಿಷಯ ಹೇಗೆ ಬಾಯಿ ಬಿಡಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಖಾಲಿ ಬಾಟಲಿಯನ್ನು ಮಕ್ಕಳ ತೂಕದ ಯಂತ್ರದ ಮೇಲಿಟ್ಟು ಸೊನ್ನೆ ಮಾಡಿ, ಅಳೆದ ಒಂದು ಲೀಟರ್ ನೀರು ಹಾಕಿದೆ. 1,080 ಗ್ರಾಂ ತೋರಿಸಿತು, 80 ಜಾಸ್ತಿ. ನಾವು 2.5 ಅಂತ ಬರೆದ ಎಷ್ಟು ಮಕ್ಕಳು ನಿಜಕ್ಕೂ ಅದಕ್ಕಿಂತ ಕಡಿಮೆ ಇದ್ದರೋ! ಈಗ ಪ್ರತಿ ಸೋಮವಾರ ಮೊದಲು ನೀರು ತೂಗುತ್ತೇನೆ, ಆಮೇಲೆ ಮಕ್ಕಳು.