ಇಂಗ್ಲಿಷ್ ಬದಿಗಿಟ್ಟು ಜಪಾನೀಸ್ ವ್ಯಾಕರಣ ಕಲಿತದ್ದು

ಜಪಾನೀಸ್ ಕಲಿಯಲು ಕೂತಾಗ ನನ್ನ ಹತ್ತಿರ ಇದ್ದದ್ದು ಇಂಗ್ಲಿಷಿನಲ್ಲಿ ಬರೆದ ಒಂದು ಪಠ್ಯಪುಸ್ತಕ, ಇನ್ನೂರು ಪುಟದ ಒಂದು ನೋಟ್‌ಬುಕ್. ಕ್ಲಾಸಿಗೆ ಹೋಗುವಷ್ಟು ಪುರುಸೊತ್ತು ಇರಲಿಲ್ಲ. ರಾತ್ರಿ ಊಟ ಆದಮೇಲೆ ಒಂದು ಗಂಟೆ, ಅಷ್ಟೇ. ಹಿರಗಾನ, ಕತಕಾನ ಲಿಪಿಗಳು ಬೇಗ ಕೈಗೆ ಹತ್ತಿದವು. ವ್ಯಾಕರಣ ಮಾತ್ರ 'ತೆ' ರೂಪದ ಹತ್ತಿರ, ಅಂದರೆ ಕ್ರಿಯಾಪದದ ಕೊನೆಗೆ ಸಾಮಾನ್ಯವಾಗಿ 'ತೆ' ಬರುವ ರೂಪದ ಹತ್ತಿರ, ಬಂದು ನಿಂತುಬಿಟ್ಟಿತು.

ಕ್ರಿಯಾಪದದ 'ತೆ' ರೂಪಕ್ಕೆ 'ಇರು' ಸೇರಿಸಿದರೆ ಇಂಗ್ಲಿಷಿನ 'ಇಂಗ್' ಆಗುತ್ತದೆ ಅಂತ ಪುಸ್ತಕದಿಂದ ತಿಳಿದುಕೊಂಡಿದ್ದೆ. 'ತಬೆತೆ ಇರು' ಅಂದರೆ ತಿನ್ನುತ್ತಾ ಇದ್ದಾನೆ. ಹಾಗಾದರೆ 'ಕಿತೆ ಇರು' ಅಂದರೆ ಬರುತ್ತಾ ಇದ್ದಾನೆ ಅಂತ ಆಗಬೇಕು, ಅಲ್ವಾ? ಆಗಲ್ಲ. ಬಂದಾಗಿದೆ, ಇಲ್ಲೇ ಇದ್ದಾನೆ ಅಂತ ಅರ್ಥ. ಎರಡು ವಾರ ಉರು ಹೊಡೆದರೂ ತಲೆಗೆ ಹತ್ತಲಿಲ್ಲ. ಒಂದು ರಾತ್ರಿ ಸುಮ್ನೆ ಕನ್ನಡದಲ್ಲಿ ಬಿಡಿಸಿ ಬರೆದೆ. 'ಕಿತೆ' ಅಂದರೆ ಬಂದು. ಬಂದು, ಇದ್ದಾನೆ. ಬಂದಿದ್ದಾನೆ! ನಾವು ದಿನಾ ಆಡುವ ಮಾತೇ. ಅವರ 'ಇರು' ನಮ್ಮ 'ಇರು' ಥರವೇ ಕೇಳಿಸುವುದು ಆಕಸ್ಮಿಕ ಇರಬಹುದು. ನನಗಂತೂ ಅವತ್ತು ತುಂಬ ಖುಷಿಯಾಯಿತು.

ಅವತ್ತಿಂದ ಇಂಗ್ಲಿಷ್ ಅರ್ಥ ಬರೆಯುವುದನ್ನೇ ಬಿಟ್ಟೆ. ಪ್ರತಿ ಜಪಾನೀಸ್ ವಾಕ್ಯದ ಕೆಳಗೆ ಕನ್ನಡ, ತುಂಡಿಗೆ ತುಂಡು. ತಬೆತೆ ಮಿರು: ತಿಂದು ನೋಡು. ತಬೆತೆ ಶಿಮತ್ತ: ತಿಂದುಬಿಟ್ಟೆ. ಕೈತೆ ಓಕು: ಬರೆದಿಡು. ಇಕು ತೊ ಇತ್ತ: ಹೋಗ್ತೀನಿ ಅಂತ ಹೇಳಿದ. ಕಿನೋ ಕತ್ತ ಹೊನ್: ನಿನ್ನೆ ಕೊಂಡ ಪುಸ್ತಕ. ಕೊನೆಯದರಲ್ಲಿ ಪದಗಳ ಕ್ರಮ ಕೂಡ ಬದಲಾಗಲ್ಲ. ಇಂಗ್ಲಿಷಿನಲ್ಲಿ ಹೇಳಲು ಹೋದರೆ ವಾಕ್ಯವನ್ನೇ ತಿರುವಿ ಹಾಕಬೇಕು.

ಕನ್ನಡ ಕೈಕೊಡುವ ಜಾಗಗಳೂ ಇವೆ. ನನಗೆ ಜಾಸ್ತಿ ಕಾಡಿದ್ದು 'ನಿ' ಮತ್ತು 'ದೆ'. ಬೆಂಗಳೂರಿನಲ್ಲಿ ವಾಸ, ಬೆಂಗಳೂರಿನಲ್ಲಿ ಕೆಲಸ: ನಮಗೆ ಎರಡೂ ಕಡೆ 'ಅಲ್ಲಿ' ಸಾಕು. ಅವರು ವಾಸಕ್ಕೆ 'ನಿ' ಹಾಕುತ್ತಾರೆ, ಕೆಲಸ ಮಾಡುವ ಜಾಗಕ್ಕೆ 'ದೆ'. ನಾನು ಬರೆದದ್ದನ್ನು ಒಸಾಕಾದ ಗೆಳತಿಯೊಬ್ಬಳು ಫೋನಿನಲ್ಲಿ ನೋಡಿ ತಿದ್ದುತ್ತಿದ್ದಳು. ಒಂದೇ ಪುಟದಲ್ಲಿ ಐದು 'ನಿ'ಗಳನ್ನು 'ದೆ' ಮಾಡಿ ಕಳಿಸಿದ್ದಳು. ಆ ಪುಟ ಇನ್ನೂ ಇಟ್ಟುಕೊಂಡಿದ್ದೇನೆ.

ಜಪಾನೀಸ್ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ. ನಾನು ಎನ್4, ಅಂದರೆ ಅದರ ಐದು ಮಟ್ಟಗಳಲ್ಲಿ ಕೆಳಗಿನಿಂದ ಎರಡನೆಯದು, ಪಾಸಾದೆ. 180ಕ್ಕೆ 90 ಬಂದರೆ ಸಾಕು, ಆದರೆ ಪ್ರತಿ ಭಾಗದಲ್ಲೂ ಇಂತಿಷ್ಟು ಅಂಕ ಬರಲೇಬೇಕು. ಅಲ್ಲಿ ಎಲ್ಲಾ ಸರಿ ಉತ್ತರ ಆರಿಸುವ ಪ್ರಶ್ನೆಗಳೇ. ಒಂದು ವಾಕ್ಯವನ್ನೂ ನಾವೇ ಬರೆಯಬೇಕಿಲ್ಲ. ಪರೀಕ್ಷೆಗಷ್ಟೇ ಓದಿದರೆ ಬಾಯಿಗೆ, ಕೈಗೆ ಭಾಷೆ ಬರಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಹಾಗಾಗಿ ಪರೀಕ್ಷೆ ಮುಗಿದರೂ ದಿನಕ್ಕೆ ಐದು ವಾಕ್ಯ ಬರೆಯುವುದನ್ನು ಬಿಟ್ಟಿಲ್ಲ.

ಈಗ ಕೊಡುವ ಮಾತುಗಳ ಪಾಠದಲ್ಲಿದ್ದೇನೆ. ನಮಗೆ ಯಾರು ಯಾರಿಗೆ ಕೊಟ್ಟರೂ 'ಕೊಡು'. ಜಪಾನೀಸಿನಲ್ಲಿ ನಾನು ಬೇರೆಯವರಿಗೆ ಕೊಟ್ಟರೆ 'ಅಗೆರು', ಬೇರೆಯವರು ನನಗೆ ಕೊಟ್ಟರೆ 'ಕುರೆರು'. ಗೆಳತಿ ತಿದ್ದಿಕೊಟ್ಟಳು ಅನ್ನುವುದನ್ನು ಮೊನ್ನೆ 'ನಾಒಶಿತೆ ಅಗೆತ' ಅಂತ ಬರೆದು ಅವಳಿಗೇ ಕಳಿಸಿದ್ದೆ. ಕೊನೆಯ ಪದ ಹೊಡೆದುಹಾಕಿ, ಪಕ್ಕದಲ್ಲಿ 'ಕುರೆತ' ಅಂತ ಬರೆದುಕೊಟ್ಟಳು.