ಚನ್ನಪಟ್ಟಣದಿಂದ ಜ್ಞಾನಭಾರತಿಗೆ: ರೈಲು ಪಾಸ್, ಒಂದು ಹಳೇ ಸೈಕಲ್

"ದಿನಾ ಚನ್ನಪಟ್ಟಣದಿಂದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿಗೆ ಓಡಾಡಿ ಎಂಎಸ್ಸಿ ಮುಗಿಸೋಕಾಗಲ್ಲ, ಸುಮ್ನೆ ಅಲ್ಲೇ ಒಂದು ಪಿಜಿ (ಪೇಯಿಂಗ್ ಗೆಸ್ಟ್) ಹಿಡಿ" ಅಂತ ಕ್ಲಾಸಿನವರೆಲ್ಲ ಹೇಳಿದ್ದರು. ಎರಡು ವರ್ಷ ಓಡಾಡಿದೆ, ಮುಗಿಸಿದೆ. ಅಟೆಂಡೆನ್ಸೂ ಪಿಜಿಯಲ್ಲಿದ್ದ ಹಲವರಿಗಿಂತ ಜಾಸ್ತಿಯೇ ಇತ್ತು.

ಮೊದಲು ಅಣ್ಣನ ಬೈಕಿನಲ್ಲಿ ಶುರು ಮಾಡಿದೆ. ಹೋಗಿ ಬರೋಕೆ ಹತ್ತಿರ ಹತ್ತಿರ 90 ಕಿಲೋಮೀಟರ್. ಪೆಟ್ರೋಲ್ ಲೀಟರಿಗೆ ನೂರರ ಮೇಲೆ, ತಿಂಗಳಿಗೆ ನಾಲ್ಕು ಸಾವಿರ ಆರಾಮಾಗಿ ದಾಟಿತು. 2023ರ ಆಗಸ್ಟಿನಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡೋದೂ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಬಿಡದಿ ದಾಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಬಿಟ್ಟೆ. ಬಸ್ಸು ಕೆಂಗೇರಿವರೆಗೆ ಚೆನ್ನಾಗಿ ಬರುತ್ತದೆ, ಆಮೇಲೆ ಜಾಮ್. ನಮ್ಮ ಕ್ಲಾಸಿನ ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ, ಅವರ ಲೆಕ್ಕವೇ ಬೇರೆ. ನನಗೆ ಅದು ಹೊಂದಲಿಲ್ಲ.

ಕೊನೆಗೆ ರೈಲು. ಕಾಲೇಜಿನಿಂದ ಪತ್ರ ತಂದರೆ ಸೀಸನ್ ಪಾಸ್ ಅರ್ಧ ಬೆಲೆಗೆ ಸಿಗುತ್ತದೆ, ವಯಸ್ಸು 25 ದಾಟಿರಬಾರದು. ಮೂರು ತಿಂಗಳಿಗೆ ನಾನು ಕೊಟ್ಟಿದ್ದು ಮುನ್ನೂರು ಚಿಲ್ಲರೆ ಇರಬೇಕು. ಬೈಕಿಗೆ ಎರಡೇ ದಿನಕ್ಕೆ ಅಷ್ಟು ಹೋಗುತ್ತಿತ್ತು! ಪಾಸನ್ನು ಜ್ಞಾನಭಾರತಿ ಹಾಲ್ಟ್‌ವರೆಗೆ ಮಾಡಿಸಿ. ಅಲ್ಲಿ ಎಲ್ಲ ಗಾಡಿ ನಿಲ್ಲಲ್ಲ, ಆದರೆ ಕೆಂಗೇರಿ ದಾರಿಯಲ್ಲೇ ಸಿಗುತ್ತದಲ್ವಾ, ಮೆಮು (ಲೋಕಲ್ ರೈಲು) ತಪ್ಪಿದ ದಿನ ಎಕ್ಸ್‌ಪ್ರೆಸ್ ಹತ್ತಿ ಅಲ್ಲೇ ಇಳಿಯಬಹುದು. ಸೂಪರ್‌ಫಾಸ್ಟ್ ಮಾತ್ರ ಹತ್ತಬೇಡಿ, ಅದಕ್ಕೆ ಬೇರೆ ದುಡ್ಡು ಕಟ್ಟಬೇಕು.

ಎಲ್ಲರೂ ಸೋಲೋದು ರೈಲಿನಲ್ಲಲ್ಲ, ಇಳಿದ ಮೇಲಿನ ನಾಲ್ಕೈದು ಕಿಲೋಮೀಟರಿನಲ್ಲಿ. ಕ್ಯಾಂಪಸ್ ಸಾವಿರ ಎಕರೆಗೂ ಮೇಲಿದೆ, ಗೇಟಿನಿಂದ ಡಿಪಾರ್ಟ್‌ಮೆಂಟಿಗೆ ನಡೆಯೋದೇ ಒಂದು ಪ್ರಯಾಣ. ಆಟೋಗೆ ದಿನಾ ನೂರು ಕೊಟ್ಟರೆ ಪಾಸಿನಲ್ಲಿ ಉಳಿಸಿದ್ದಕ್ಕೆ ಅರ್ಥವೇ ಇಲ್ಲ. ಗೆಳೆಯನ ಹತ್ತಿರ ಮಡಚೋ ಸೈಕಲ್ ಇಸ್ಕೊಂಡು ಒಂದಷ್ಟು ದಿನ ರೈಲಿನಲ್ಲೇ ಹೊತ್ತೆ. ರಶ್ಶಿನಲ್ಲಿ ಜನ ಬೈಯ್ದರು, ಅದೂ ಬಿಟ್ಟೆ. ಆಮೇಲೆ ಎರಡು ಸಾವಿರದೊಳಗೆ ಹಳೇ ಸೈಕಲ್ ತಗೊಂಡು ಕೆಂಗೇರಿಯಲ್ಲೇ ಇಟ್ಟೆ. ಗೇರಿಲ್ಲ, ಬಣ್ಣ ಹೋಗಿದೆ, ಕದಿಯೋಕೆ ಯಾರಿಗೂ ಮನಸ್ಸಾಗಲ್ಲ. ಎಲ್ಲಿ ಇಡುತ್ತಿದ್ದೆ ಅಂತ ಹೇಳಲ್ಲ, ಈಗ ನನ್ನ ಜೂನಿಯರ್ ಅಲ್ಲೇ ಇಡುತ್ತಿದ್ದಾನೆ. ಯಾವ ಬೋಗಿಯಲ್ಲಿ ಸೀಟ್ ಸಿಗುತ್ತದೆ ಅನ್ನೋದೂ ನಮ್ಮಲ್ಲೇ ಇರಲಿ.

ಮಳೆ ಬಂದರೆ ಕೆಂಗೇರಿಯಿಂದ ಮೆಟ್ರೋ. ಪಟ್ಟಣಗೆರೆ ಆದ ಮೇಲೆ ಜ್ಞಾನಭಾರತಿ. 2025ರ ಫೆಬ್ರವರಿಯಲ್ಲಿ ದರ ಏರಿಸಿದ್ದು ನಮ್ಮಂಥವರಿಗೆ ನಿಜಕ್ಕೂ ಅನ್ಯಾಯ, ಆದರೆ ಇಷ್ಟು ಹತ್ತಿರಕ್ಕೆ ಹೊರೆ ಆಗಲ್ಲ.

ಎಲ್ಲ ಸೇರಿ ತಿಂಗಳಿಗೆ ಐನೂರರ ಒಳಗೇ ಆಯಿತು. ಪಿಜಿಗೆ ಏಳೆಂಟು ಸಾವಿರ ಕೇಳುತ್ತಿದ್ದರು. ಈ ವರ್ಷ ಸೇರುವವರು ಅಡ್ಮಿಷನ್ ಆದ ವಾರವೇ ಪತ್ರಕ್ಕೆ ಅರ್ಜಿ ಕೊಡಿ. ಸಹಿ ಆಗಿ ಕೈಗೆ ಬರೋಕೆ ಹದಿನೈದು ದಿನವಾದರೂ ಹಿಡಿಯುತ್ತದೆ.