ನಡತೆ ನಿಯಮಗಳನ್ನು ನಮ್ಮ ಶಾಲೆಯಲ್ಲಿ ಜಾರಿಗೆ ತಂದ ಬಗೆ

ಸರ್ಕಾರಿ ಶಾಲೆಯ ಶಿಕ್ಷಕರು ಹೇಗಿರಬೇಕು ಎಂಬುದಕ್ಕೆ ನಿಯಮಗಳ ಬರವೇನಿಲ್ಲ. 1966ರ ನಡತೆ ನಿಯಮಗಳ ಜಾಗಕ್ಕೆ 2021ರಲ್ಲಿ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು ಬಂದವು. ಶಿಸ್ತು ಕ್ರಮಕ್ಕೆ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಿವೆ. ಮಕ್ಕಳ ವಿಷಯಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆ, ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ. ಇವುಗಳ ಮೇಲೆ ವರ್ಷವಿಡೀ ಸುತ್ತೋಲೆಗಳು. ಸುತ್ತೋಲೆ ಬಂದ ಕೂಡಲೇ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ, ಎಲ್ಲರೂ ಹೆಬ್ಬೆರಳು ತೋರಿಸುತ್ತಾರೆ, ಅಲ್ಲಿಗೆ ಮುಗಿಯಿತು. ನಾಳೆ ಬೆಳಿಗ್ಗೆ ಶಾಲೆಯಲ್ಲಿ ಏನು ಬದಲಾಗಬೇಕು ಅಂತ ಯಾರೂ ಕೇಳುವುದಿಲ್ಲ.

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯ ಶಿಕ್ಷಕಿಯಾಗಿ ಬಂದ ಮೇಲೆ ಆ ಪ್ರಶ್ನೆಯಿಂದಲೇ ಕೆಲಸ ಶುರು ಮಾಡಿದೆ. ಆರು ಜನ ಶಿಕ್ಷಕರು, ಇಬ್ಬರು ಅಡುಗೆಯವರು, ನಾನು. ನಾವು ಮಾಡಿಕೊಂಡ ವ್ಯವಸ್ಥೆ ಬೇರೆ ಶಾಲೆಯವರಿಗೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಮೊದಲು ಹಾಜರಾತಿ. ಚಾರ್ಜ್ ತೆಗೆದುಕೊಂಡ ವಾರ ಟೇಬಲ್ಲಿನ ಡ್ರಾಯರ್ ಖಾಲಿ ಮಾಡುವಾಗ ಒಂದು ಕವರ್ ಸಿಕ್ಕಿತು. ಒಳಗೆ ಸಿಎಲ್ (ಸಾಂದರ್ಭಿಕ ರಜೆ) ಅರ್ಜಿಗಳು. ಹೆಸರು ಇದೆ, ಸಹಿ ಇದೆ, ಕಾರಣದ ಜಾಗದಲ್ಲಿ ‘ವೈಯಕ್ತಿಕ ಕೆಲಸ’ ಅಂತ ಇದೆ, ತಾರೀಖಿನ ಜಾಗ ಮಾತ್ರ ಖಾಲಿ. ಶಿಕ್ಷಕರು ಬಾರದ ದಿನ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಯಾರಾದರೂ ಬಂದರೆ ತಾರೀಖು ತುಂಬುವುದು, ಯಾರೂ ಬಾರದಿದ್ದರೆ ಮರುದಿನ ಬಂದು ಹಾಜರಿ ಹಾಕುವುದು. ಇದು ಎಷ್ಟೋ ಕಡೆ ನಡೆದುಕೊಂಡು ಬಂದಿರುವ ಪದ್ಧತಿ. ಅವತ್ತು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಅವರವರ ಅರ್ಜಿ ಅವರವರ ಕೈಗೆ ಕೊಟ್ಟೆ. ಬೈಯಲಿಲ್ಲ. ಇನ್ನು ಮೇಲೆ ರಜೆ ಬೇಕಾದರೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಗುಂಪಿನಲ್ಲಿ ಒಂದು ಸಾಲು ಹಾಕಿ, ಬಂದ ದಿನ ಅರ್ಜಿ ಕೊಡಿ, ಇಲ್ಲ ಅನ್ನುವುದಿಲ್ಲ ಎಂದೆ. ಸಿಎಲ್ ಇರುವುದೇ ತೆಗೆದುಕೊಳ್ಳುವುದಕ್ಕೆ. ಮಗುವಿಗೆ ಜ್ವರ ಎಂದು ರಜೆ ಕೇಳಿದವರನ್ನು ಕೈದಿಯ ಹಾಗೆ ಪ್ರಶ್ನೆ ಮಾಡುವ ಮುಖ್ಯ ಶಿಕ್ಷಕರಿದ್ದಲ್ಲೇ ಇಂಥ ಕವರ್‌ಗಳು ಹುಟ್ಟುತ್ತವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಆಮೇಲೆ ಚಲನವಲನ ವಹಿ. ಮೀಟಿಂಗಿಗೆ, ಬ್ಯಾಂಕಿಗೆ, ಪುಸ್ತಕ ತರಲು ಯಾರೇ ಹೊರಗೆ ಹೋದರೂ ಹೋದ ಹೊತ್ತು, ಕೆಲಸ, ಬಂದ ಹೊತ್ತು ಬರೆಯಬೇಕು. ಇದರಲ್ಲಿ ಮೊದಲ ಸಾಲು ನನ್ನದೇ. ನಾನು ಬಿಇಓ ಕಚೇರಿಗೆ ಹೋಗುವಾಗ ಬರೆಯದೆ ಹೋದರೆ ಆ ವಹಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಒಂದು ದಿನ ಊರಿನವರೊಬ್ಬರು, ‘ಗಣಿತದ ಮೇಡಂ ಮಧ್ಯಾಹ್ನನೇ ಊರಿಗೆ ಹೋದ್ರು’ ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ ದೂರು ಹೇಳಿದರು. ಅಧ್ಯಕ್ಷರು ಬಂದು ಕೇಳಿದಾಗ ವಹಿ ತೆರೆದು ತೋರಿಸಿದೆ: ಕ್ಲಸ್ಟರ್ ಸಭೆ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸೂಚನೆ, ಹೊರಟ ಹೊತ್ತು. ಮಾತು ಅಲ್ಲಿಗೇ ನಿಂತಿತು. ಅವತ್ತಿನಿಂದ ಆ ವಹಿ ತುಂಬಲು ಯಾರಿಗೂ ಹೇಳಬೇಕಾಗಿಲ್ಲ.

ತಡವಾಗಿ ಬರುವ ವಿಷಯ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳಲ್ಲಿ ಮೊದಲನೆಯದಾಗಿ ಹೇಳುವುದೇ ಕ್ರಮಬದ್ಧತೆ ಮತ್ತು ಸಮಯಪಾಲನೆ. ಆದರೆ ನಮ್ಮಲ್ಲಿ ಮೂವರು ತಾಲ್ಲೂಕು ಕೇಂದ್ರದಿಂದ ಒಂದೇ ಬಸ್ಸಿಗೆ ಬರುವವರು, ಬಸ್ಸು ನಮ್ಮ ಊರು ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತಿತ್ತು. ಕೆಂಪು ಮಸಿಯಲ್ಲಿ ಗುರುತು ಹಾಕಿ ಕೂತರೆ ಬಸ್ಸು ಬೇಗ ಬರುವುದಿಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಟ್ಟು, ನಡಾವಳಿ ಬರೆದು, ಅದರ ಪ್ರತಿ ಸೇರಿಸಿ ಡಿಪೋ ಮ್ಯಾನೇಜರ್‌ಗೆ ಅರ್ಜಿ ಕೊಟ್ಟೆವು. ಹೈಸ್ಕೂಲಿಗೆ ಹೋಗುವ ಮಕ್ಕಳ ಪೋಷಕರೂ ಸಹಿ ಹಾಕಿದರು. ಕೆಲವು ತಿಂಗಳು ಹಿಡಿಯಿತು, ಆದರೂ ಬಸ್ಸು ಮೊದಲಿಗಿಂತ ಬೇಗ ಬರತೊಡಗಿತು. ಅದಾದ ಮೇಲೂ ತಡವಾಗಿ ಬಂದವರಿಗೆ ನಾನು ಜ್ಞಾಪನ (ಮೆಮೊ) ಕೊಟ್ಟಿದ್ದೇನೆ. ಕೊಡುವ ಹಕ್ಕು ಆಗ ನನಗೆ ಬಂದಿತ್ತು.

ಜ್ಞಾಪನದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಮುಖ್ಯ ಶಿಕ್ಷಕರಿಗೆ ಯಾರನ್ನೂ ಅಮಾನತು ಮಾಡುವ ಅಧಿಕಾರವಿಲ್ಲ, ವರದಿ ಮಾಡುವ ಹೊಣೆ ಮಾತ್ರ ಇದೆ. ಹಾಗಾಗಿ ನಾವು ಬರೆಯುವ ಕಾಗದ ಮೇಲೆ ಹೋದಾಗ ಗಟ್ಟಿಯಾಗಿ ನಿಲ್ಲಬೇಕು. ‘ತಾವು ಪದೇಪದೇ ಬೇಜವಾಬ್ದಾರಿಯಿಂದ ವರ್ತಿಸುತ್ತಿದ್ದೀರಿ’ ಎಂದು ಬರೆದರೆ ಅದು ನನ್ನ ಸಿಟ್ಟೇ ಹೊರತು ವಿಷಯವಲ್ಲ. ‘ಇಂಥ ದಿನಾಂಕ, ಇಂಥ ಅವಧಿ, ಐದನೇ ತರಗತಿಯಲ್ಲಿ ತಾವು ಇರಲಿಲ್ಲ, ಚಲನವಲನ ವಹಿಯಲ್ಲಿ ನಮೂದಿಲ್ಲ, ಈ ಬಗ್ಗೆ ಲಿಖಿತ ವಿವರಣೆ ಕೊಡಿ’ ಎಂದು ಬರೆದರೆ ಅದಕ್ಕೆ ಉತ್ತರ ಬರುತ್ತದೆ. ಮೊದಲು ಬಾಯಿ ಮಾತಿನಲ್ಲಿ, ಅದೂ ಬೇರೆಯವರ ಎದುರಿಗಲ್ಲದೆ, ಹೇಳುತ್ತೇನೆ. ಎರಡನೇ ಸಲಕ್ಕೆ ಕಾಗದ. ಉತ್ತರ ಸಮಂಜಸವಾಗಿದ್ದರೆ ‘ಒಪ್ಪಲಾಗಿದೆ’ ಎಂದು ಬರೆದು ಕಡತಕ್ಕೆ ಸೇರಿಸುತ್ತೇನೆ. ಇದನ್ನು ಬರೆಯುವುದನ್ನು ಬಹಳ ಜನ ಬಿಡುತ್ತಾರೆ, ಆ ಶಿಕ್ಷಕರ ತಲೆ ಮೇಲೆ ಅನುಮಾನ ಹಾಗೇ ತೂಗುತ್ತಿರುತ್ತದೆ. ಕರ್ತವ್ಯ ಲೋಪಕ್ಕೆ ಕ್ರಮ ಕೈಗೊಳ್ಳುವ ಮುನ್ನ ಶಿಕ್ಷಕರಿಗೆ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದು ಅದೇ 24ನೇ ಸೆಕ್ಷನ್ ಹೇಳುತ್ತದೆ.

ಇನ್ನು ಕೋಲು. ಅತಿ ಹೆಚ್ಚು ಮಾತು ಬೇಕಾಗಿದ್ದು ಇದಕ್ಕೇ. ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಎರಡನ್ನೂ ನಿಷೇಧಿಸುತ್ತದೆ, ಮೀರಿದವರ ಮೇಲೆ ಸೇವಾ ನಿಯಮದ ಪ್ರಕಾರ ಕ್ರಮ. ಇದನ್ನು ಎಲ್ಲರೂ ಬಲ್ಲರು. ಆದರೆ ಪೋಷಕರೇ ಬಂದು, ‘ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಡಂ, ನಾವು ಕೇಳಲ್ಲ’ ಅನ್ನುತ್ತಾರೆ. ನಮ್ಮ ಹಿರಿಯ ಶಿಕ್ಷಕರೊಬ್ಬರು ಸಭೆಯಲ್ಲಿ ನೇರವಾಗಿ ಕೇಳಿದರು: ‘ಮೇಡಂ, ನಲವತ್ತು ಮಕ್ಕಳು, ಎರಡು ತರಗತಿ ಒಂದೇ ಕೋಣೆ. ಕೋಲು ಕೆಳಗಿಡು ಅಂತೀರ. ಕೈಗೆ ಏನು ಕೊಡ್ತೀರ?’ ಅದು ನ್ಯಾಯವಾದ ಪ್ರಶ್ನೆ. ಬೇಡ ಎಂದು ಹೇಳುವವರು ಬದಲಿಗೆ ಏನು ಎಂದೂ ಹೇಳಬೇಕು.

ಹಾಗಾಗಿ ನಾವು ಕೆಲವನ್ನು ಗೊತ್ತು ಮಾಡಿಕೊಂಡೆವು. ಗಲಾಟೆ ಮಾಡುವ ಮಗುವಿನ ಜಾಗ ಬದಲಿಸುವುದು, ಬೋರ್ಡಿನ ಹತ್ತಿರದ ಕೆಲಸ ಕೊಡುವುದು. ಶಿಕ್ಷಕರಿಗೆ ತಾಳ್ಮೆ ತಪ್ಪುತ್ತಿದೆ ಅನ್ನಿಸಿದ ಕ್ಷಣ ಮಗುವನ್ನು ಪಕ್ಕದ ತರಗತಿಗೋ ನನ್ನ ಕೋಣೆಗೋ ಪುಸ್ತಕದ ಸಮೇತ ಕಳಿಸುವುದು. ಕಳಿಸಿದವರನ್ನು ‘ಯಾಕೆ ಕಳಿಸಿದಿರಿ, ನಿಭಾಯಿಸಲು ಬರಲ್ವ’ ಎಂದು ಯಾರೂ ಕೇಳಬಾರದು. ಈ ಕೊನೆಯ ಮಾತೇ ಹೆಚ್ಚು ಕೆಲಸ ಮಾಡಿತು. ಹೊಡೆತದಲ್ಲಿ ಬಹುಪಾಲು ಮಧ್ಯಾಹ್ನದ ಮೇಲೆ, ಶಿಕ್ಷಕರು ದಣಿದಿದ್ದಾಗ ಬೀಳುವಂಥದ್ದು. ಒಂದು ಮಗು ಮತ್ತೆ ಮತ್ತೆ ಬಂದರೆ ಪೋಷಕರನ್ನು ಕರೆಸುತ್ತೇವೆ. ಹಾಗೆ ಕರೆಸಿದ ಒಬ್ಬ ಹುಡುಗನಿಗೆ ಬೋರ್ಡೇ ಕಾಣುತ್ತಿರಲಿಲ್ಲ, ಕನ್ನಡಕ ಬಂದ ಮೇಲೆ ಅವನು ಬೇರೆ ಹುಡುಗನಾದ.

ಮಾನಸಿಕ ಕಿರುಕುಳ ಎಂದರೆ ಏನು ಎಂಬುದನ್ನೂ ಬಿಡಿಸಿ ಮಾತಾಡಿದೆವು. ‘ನೀನು ಕುರಿ ಕಾಯೋಕೇ ಲಾಯಕ್ಕು’ ಎನ್ನುವ ಮಾತು ನಮ್ಮ ಕಡೆ ಶಿಕ್ಷಕರ ಬಾಯಲ್ಲಿ ಸಲೀಸಾಗಿ ಬರುತ್ತದೆ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಅಪ್ಪಂದಿರು ಕುರಿ ಕಾಯುವವರೇ. ಆ ಮಗುವಿಗೆ ಅದು ಬರೀ ಬೈಗುಳವಲ್ಲ, ಮನೆಯವರಿಗೆ ಮಾಡಿದ ಅವಮಾನ. ಅಪ್ಪನ ಕಸುಬು, ಜಾತಿ, ಮೈಬಣ್ಣ, ಫೇಲಾದ ಅಕ್ಕ, ಇವು ಯಾವುವೂ ತರಗತಿಯಲ್ಲಿ ಬಾಯಿಗೆ ಬರಬಾರದು ಎಂದು ಬರೆದುಕೊಂಡೆವು. ಹಾಗೆಯೇ ಮಕ್ಕಳಿಂದ ಟೀ ತರಿಸುವಂತಿಲ್ಲ, ಬೈಕ್ ಒರೆಸುವಂತಿಲ್ಲ, ಶೌಚಾಲಯ ತೊಳೆಸುವಂತಿಲ್ಲ. ಶೌಚಾಲಯಕ್ಕೆ ಕೂಲಿ ಕೊಟ್ಟು ಜನ ಇಟ್ಟಿದ್ದೇವೆ, ಅದರ ಖರ್ಚನ್ನು ಎಸ್‌ಡಿಎಂಸಿಯೇ ಒಪ್ಪಿ ನಡಾವಳಿಯಲ್ಲಿ ಬರೆಸಿದೆ.

ಪೋಕ್ಸೊ ಕಾಯ್ದೆಯ ಭಾಗವನ್ನು ನಾನು ಪ್ರತಿ ವರ್ಷ ಜೂನ್‌ನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತೇನೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಥವಾ ಆಗಬಹುದು ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಅದು 19ನೇ ಸೆಕ್ಷನ್. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಇಲ್ಲಿ ಶಾಲೆಗಳು ಎಡವುವುದು ‘ಮೊದಲು ನಾವೇ ವಿಚಾರಿಸೋಣ’ ಎನ್ನುವಲ್ಲಿ. ವಿಚಾರಣೆ ನಮ್ಮ ಕೆಲಸವಲ್ಲ. ಮಗು ಯಾವ ಶಿಕ್ಷಕರ ಹತ್ತಿರ ಹೇಳಿತೋ ಅವರು ಮಗುವಿನ ಮಾತನ್ನು ಅದರ ಮಾತಿನಲ್ಲೇ ಬರೆದುಕೊಳ್ಳಬೇಕು, ಮತ್ತೆ ಮತ್ತೆ ಕೇಳಬಾರದು, ನನಗೆ ತಕ್ಷಣ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಮತ್ತು ಠಾಣೆಗೆ ನಾನು ಫೋನ್ ಮಾಡುತ್ತೇನೆ. ಇಲಾಖೆಗೂ ತಿಳಿಸುತ್ತೇನೆ, ಆದರೆ ಮೇಲಿನಿಂದ ಅನುಮತಿ ಬರಲಿ ಎಂದು ಕಾಯುವುದಿಲ್ಲ. ಅಂಥ ಸಂದರ್ಭ ನಮಗೂ ಬಂತು. ಮಗುವಿನ ಗುರುತು ಸಿಗುವಂಥ ಯಾವುದನ್ನೂ ಹೇಳುವಂತಿಲ್ಲ, ಹಾಗಾಗಿ ವಿವರ ಬರೆಯುವುದಿಲ್ಲ. ಊರಿನ ಮಾನ ಹೋಗುತ್ತದೆ, ಕೂತು ಮಾತಾಡಿ ಮುಗಿಸೋಣ ಎಂದು ದೊಡ್ಡವರು ಶಾಲೆಗೆ ಬಂದರು. ‘ತಿಳಿಸದಿದ್ದರೆ ಜೈಲಿಗೆ ಹೋಗುವುದು ನಾನು, ನಿಮ್ಮಲ್ಲಿ ಯಾರು ಬರ್ತೀರಿ’ ಎಂದು ಕೇಳಿದೆ. ಕಾನೂನು ನನ್ನ ಬೆನ್ನಿಗೆ ಇಲ್ಲದಿದ್ದರೆ ಆ ಮಾತು ಬಾಯಿಂದ ಬರುತ್ತಿರಲಿಲ್ಲ.

ಶಿಕ್ಷಕಿಯರ ರಕ್ಷಣೆಯೂ ಇದರಷ್ಟೇ ಮುಖ್ಯ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಜನ ಅಥವಾ ಹೆಚ್ಚು ಇರುವ ಕಡೆ ಆಂತರಿಕ ದೂರು ಸಮಿತಿ ಬೇಕು. ನಮ್ಮಂಥ ಚಿಕ್ಕ ಶಾಲೆಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅಡುಗೆಯವರಿಗೂ ಅತಿಥಿ ಶಿಕ್ಷಕಿಯರಿಗೂ ಈ ಹಕ್ಕು ಇದೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ, ಹೇಳಬೇಕು.

ಬಿಸಿಯೂಟ ಬಡಿಸುವ ಮುನ್ನ ಒಬ್ಬ ಶಿಕ್ಷಕರು ತಿಂದು ನೋಡಿ ರುಚಿ ವಹಿಯಲ್ಲಿ ಸಹಿ ಹಾಕುವುದನ್ನು ಕೆಲವರು ಕಾಟಾಚಾರ ಎಂದುಕೊಳ್ಳುತ್ತಾರೆ. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ತಿಂದು 23 ಮಕ್ಕಳು ತೀರಿಕೊಂಡರು. ಅಲ್ಲಿನ ಮುಖ್ಯ ಶಿಕ್ಷಕಿಗೆ 2016ರಲ್ಲಿ ಶಿಕ್ಷೆಯಾಯಿತು. ಹೊಸದಾಗಿ ಬಂದ ಶಿಕ್ಷಕರಿಗೆ ನಾನು ಇದಿಷ್ಟನ್ನು ಹೇಳುತ್ತೇನೆ. ಆಮೇಲೆ ತಿನ್ನದೆ ಸಹಿ ಹಾಕಿದವರನ್ನು ನಾನು ನೋಡಿಲ್ಲ.

ಹಣದ ವಿಷಯ ಬೇಗ ಹೇಳಿಬಿಡಬಹುದು. ಖಾಸಗಿ ಟ್ಯೂಷನ್ ಮಾಡುವಂತಿಲ್ಲ (ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್). ವರ್ಷಕ್ಕೊಮ್ಮೆ ಆಸ್ತಿ ಮತ್ತು ಋಣ ಪಟ್ಟಿ ಕೊಡಬೇಕು. ಸೈಟು, ಜಮೀನು ಕೊಳ್ಳುವುದಾದರೆ ಇಲಾಖೆಗೆ ತಿಳಿಸಬೇಕು. ಯುವ ಶಿಕ್ಷಕರು ಬೀಳುವುದು ಈ ಕೊನೆಯದರಲ್ಲೇ. ನೋಂದಣಿ ಆದ ಮೇಲೆ ಓಡಿ ಬರುತ್ತಾರೆ. ಸಾಲದ ಅರ್ಜಿ ಹಾಕುವಾಗಲೇ ನನಗೊಂದು ಮಾತು ಹೇಳಿ ಎಂದಿದ್ದೇನೆ.

ಫೋನು ಈಗಿನ ದೊಡ್ಡ ತಲೆನೋವು. ಮಕ್ಕಳ ಫೋಟೋ ಯಾರ ಸ್ವಂತ ಸ್ಟೇಟಸ್‌ನಲ್ಲೂ ಇರಬಾರದು ಎಂದು ತೀರ್ಮಾನಿಸಿದೆವು. ಶಾಲೆಯ ಗುಂಪಿನಲ್ಲಿ ಪಕ್ಷ ರಾಜಕೀಯ ಬೇಡ. ಸರ್ಕಾರದ ನೀತಿಯನ್ನು ಸಾರ್ವಜನಿಕವಾಗಿ ಟೀಕಿಸುವಂತಿಲ್ಲ ಎಂಬ ನಿಯಮ ನನಗೆ ಬಿಗಿ ಅನ್ನಿಸುತ್ತದೆ, ಸರ್ಕಾರಿ ಶಾಲೆಯ ಕಷ್ಟ ನಮ್ಮಷ್ಟು ಬಲ್ಲವರು ಯಾರಿದ್ದಾರೆ? ಆದರೂ ಒಂದು ಫೇಸ್‌ಬುಕ್ ಪೋಸ್ಟಿಗಾಗಿ ನಮ್ಮವರೊಬ್ಬರು ಅಮಾನತಾಗುವುದು ನನಗೆ ಬೇಡ. ಹೇಳಬೇಕಾದ್ದನ್ನು ಶಿಕ್ಷಕರ ಸಂಘದ ಮೂಲಕ, ಲಿಖಿತ ಮನವಿಯ ಮೂಲಕ ಹೇಳಿ ಎನ್ನುತ್ತೇನೆ, ಮನವಿ ಬರೆಯಲು ಜೊತೆಗೆ ಕೂರುತ್ತೇನೆ.

ಇನ್ನೂ ಬಗೆಹರಿಯದ ಒಂದು ವಿಷಯವಿದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. ವಾಸ್ತವದಲ್ಲಿ ಏನಾಗುತ್ತಿದೆ ಎಂದು ಎಲ್ಲ ಶಿಕ್ಷಕರಿಗೂ ಗೊತ್ತು. 2025ರ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯನ್ನೇ ವಿಸ್ತರಿಸಿದರು. ಸಮಯಪಾಲನೆಯನ್ನು ಶಿಕ್ಷಕರಿಂದ ಕೇಳುವವರು ಅವರ ಬೋಧನೆಯ ಸಮಯವನ್ನೂ ಕಾಪಾಡಬೇಕಲ್ಲವೇ? ನಾನು ಮಾಡಬಹುದಾದ್ದು ಇಷ್ಟು: ಚಲನವಲನ ವಹಿಯಿಂದ, ಯಾವ ಶಿಕ್ಷಕರು ಯಾವ ಕೆಲಸಕ್ಕೆ ಹೋದರು, ಯಾವ ತರಗತಿಯ ಎಷ್ಟು ಅವಧಿ ಹೋಯಿತು ಎಂದು ಒಂದು ಹಾಳೆಗೆ ಇಳಿಸಿ ತಿಂಗಳ ವರದಿಯ ಜೊತೆ ಕಳಿಸುತ್ತೇನೆ, ಎಸ್‌ಡಿಎಂಸಿ ಸಭೆಯಲ್ಲೂ ಓದುತ್ತೇನೆ. ಹಾಳೆಗೆ ಇನ್ನೂ ಉತ್ತರ ಬಂದಿಲ್ಲ. ಆದರೆ ಹೋದ ಸಭೆಯಲ್ಲಿ ಪೋಷಕರೇ ಅದರ ಪ್ರತಿ ಕೇಳಿ ತೆಗೆದುಕೊಂಡು, ಗ್ರಾಮಸಭೆಯಲ್ಲಿ ಇಡುತ್ತೇವೆ ಎಂದಿದ್ದಾರೆ.